ಉಪ್ಪುನೀರಿನ ಜೋಯಿಸ

ಮೆಕಾಂಗ್ ನದಿಯ ಮುಖಜಭೂಮಿಗೆ ನುಗ್ಗುವ ಉಪ್ಪುನೀರನ್ನು ಇನ್ನು ಯಂತ್ರವೇ ಮುಂದಾಗಿ ತಿಳಿಸುವುದೆಂದೂ, ಆದುದರಿಂದ ಅಲ್ಲಿನ ರೈತನ ಕಷ್ಟ ತೀರಿದಂತೆಯೇ ಎಂದೂ ಎಂಜಿನಿಯರ್ ಮಿತ್ರರೊಬ್ಬರು ಮೊನ್ನೆ ನನ್ನೊಡನೆ ವಾದಿಸಿದರು. ಮೊದಲನೆಯ ಮಾತನ್ನು ಒಪ್ಪಿದೆ, ಎರಡನೆಯದನ್ನು ಒಪ್ಪಲಾರೆ.

ಸಂಗತಿ ಇಷ್ಟು. ವಿಯಟ್ನಾಂನ ಈ ತಗ್ಗು ನೆಲದಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಳೆಯಿಲ್ಲದ ಕಾಲ. ಹೊಳೆಯ ಹರಿವು ಕುಗ್ಗಿದಾಗ ಕಡಲು ಉಬ್ಬರದ ಬೆನ್ನೇರಿ ಒಳಕ್ಕೆ ಬರುತ್ತದೆ. ಉಪ್ಪುನೀರು ಭಾರ, ಸಿಹಿನೀರಿನ ಅಡಿಯಲ್ಲಿ, ಹೊಳೆಯ ತಳ ಹಿಡಿದು ಮೇಲೇರುತ್ತದೆ. ಲೀಟರಿಗೆ 4 ಗ್ರಾಂ ಉಪ್ಪು ಸೇರಿತೆಂದರೆ ಬತ್ತದ ಪೈರು ಸೊರಗಿತೆಂದೇ ಲೆಕ್ಕ. ಹಿಂದಿನ ವರ್ಷಗಳ ಹರಿವು, ಉಬ್ಬರದ ಎತ್ತರ, ಉಪ್ಪಿನ ಅಳತೆ ಎಲ್ಲವನ್ನೂ ಯಂತ್ರಕ್ಕೆ ಉಣಿಸುತ್ತಾರೆ. ಅದು ಅವುಗಳ ನಡುವಣ ನಂಟನ್ನು ತಾನೇ ಕಂಡುಕೊಂಡು, ಬರುವ ವಾರ ಯಾವ ಕಾಲುವೆಯ ಬಾಯಿಗೆ ಎಷ್ಟು ಉಪ್ಪು ಬಂದೀತೆಂದು ಹೇಳುತ್ತದೆ. ತೂಬು ಮುಚ್ಚುವವನಿಗೆ ಇದು ಸಣ್ಣ ಉಪಕಾರವಲ್ಲ. ಮುನ್ಸೂಚನೆಯ ಬೆಲೆಯೇನೆಂಬುದನ್ನು 2020ರಲ್ಲಿಯೇ ಕಂಡದ್ದಾಗಿದೆ: ಉಪ್ಪಿನ ಹಾವಳಿ 2016ಕ್ಕಿಂತ ಹೆಚ್ಚಾಗಿದ್ದರೂ, ಮೊದಲೇ ಬಿತ್ತಿ ಕೊಯ್ದುಕೊಂಡವರ ಬತ್ತ ಉಳಿಯಿತು. ಆದರೆ ಕುಡಿಯುವ ನೀರು? ಅದೇ ವರ್ಷ ಐದು ಪ್ರಾಂತಗಳು ತುರ್ತು ಪರಿಸ್ಥಿತಿ ಸಾರಬೇಕಾಯಿತು.

ನನ್ನ ತಕರಾರು ಇನ್ನೂ ಆಚೆಯದು. ಹತ್ತು ವರ್ಷದ ಪ್ರಶ್ನಪತ್ರಿಕೆಗಳನ್ನು ಉರುಹೊಡೆದು ಪಾಸಾಗುವ ಹುಡುಗರನ್ನು ನಾನು ಬಲ್ಲೆ. ಜಾಣರೇ. ಪಠ್ಯ ಬದಲಾದ ವರ್ಷ ಮಾತ್ರ ಅವರ ಪಾಡು ಕೇಳಬೇಡಿ. ಮೆಕಾಂಗಿನ ಪಠ್ಯವನ್ನಂತೂ ಮನುಷ್ಯರೇ ದಿನದಿನವೂ ತಿದ್ದುತ್ತಿದ್ದಾರೆ. ಮನೆಗೆ, ರಸ್ತೆಗೆ ಬೇಕೆಂದು ಹೊಳೆಯ ಮರಳನ್ನು ತೋಡಿ ಬಾರ್ಜುಗಳಲ್ಲಿ ಸಾಗಿಸುತ್ತಾರೆ. (ಈ ಕಥೆಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಮೇಲಿನಿಂದ ಬಂದು ಆ ಹಳ್ಳ ತುಂಬಬೇಕಾದ ಹೂಳು ಚೀನಾ, ಲಾವೋಸ್‌ಗಳ ಅಣೆಕಟ್ಟುಗಳ ಹಿಂದೆ ನಿಂತುಬಿಟ್ಟಿದೆ. ಹೊಳೆಯ ತಳ ಮೀಟರುಗಟ್ಟಲೆ ಇಳಿದಿದೆ. ತಳ ಇಳಿದಲ್ಲಿ ಉಬ್ಬರಕ್ಕೆ ತಡೆಯಿಲ್ಲ; ಉಪ್ಪು ಮತ್ತಷ್ಟು ದೂರ ಬರುತ್ತದೆ. ಅಂತರ್ಜಲವನ್ನು ಎಳೆದೆಳೆದು ನೆಲವೂ ಕುಸಿಯುತ್ತಿದೆ. ಅಂದು ಇಷ್ಟೇ ನೀರು ಹರಿದಾಗ ಉಪ್ಪು ಎಲ್ಲಿಗೆ ನಿಂತಿತ್ತೋ, ಇಂದು ಅಲ್ಲಿಗೆ ನಿಲ್ಲುವುದಿಲ್ಲ.

“ಹೊಸ ಅಳತೆ ಕೊಡಿ, ಮತ್ತೆ ಕಲಿಯುತ್ತದೆ” ಎಂದರು ಮಿತ್ರರು. ಕಲಿಯುತ್ತದೆ, ನಿಜ. ಆದರೆ ಕದ್ದು ತೆಗೆದ ಮರಳಿನ ಲೆಕ್ಕವನ್ನು ಯಂತ್ರಕ್ಕೆ ಯಾರು ಬರೆದುಕೊಡುತ್ತಾರೆ? ಅದೂ ಹೋಗಲಿ. ಮುನ್ಸೂಚನೆ ಬರುವುದೆಲ್ಲ ರೈತನ ಮನೆಗೇ: ಬೇಗ ಬಿತ್ತು, ಗುಡಾಣಗಳಲ್ಲಿ ನೀರು ತುಂಬಿಟ್ಟುಕೋ, ಬತ್ತವಾಗದಿದ್ದರೆ ಸಿಗಡಿ ಸಾಕು, ಎಂದು. ಕೆಡಿಸಿದವನೊಬ್ಬ, ಎಚ್ಚರವಾಗಿರಬೇಕಾದವನು ಇನ್ನೊಬ್ಬ! ಮರಳಿನ ಬಾರ್ಜಿನವನಿಗೆ ಅಂಥದೊಂದು ಓಲೆ ಹೋದದ್ದನ್ನು ನಾನು ಕೇಳಿಲ್ಲ. ಅದೇ ಯಂತ್ರಕ್ಕೆ ಬೇರೊಂದು ಪ್ರಶ್ನೆ ಹಾಕಬಹುದಲ್ಲ: ಈ ವರ್ಷ ಇಷ್ಟು ಮರಳೆತ್ತಿದರೆ ಉಪ್ಪು ಎಷ್ಟು ಕಿಲೋಮೀಟರು ಮೇಲೇರೀತು? ಪರವಾನಗಿ ಬರೆಯುವವರ ಮೇಜಿನ ಮೇಲೆ ಆ ಉತ್ತರವನ್ನು ಇಡುವ ದಿನ ನಾನೂ ಯಂತ್ರಕ್ಕೆ ಕೈಮುಗಿದೇನು.

ಇಷ್ಟು ಹೇಳಿದ ಮೇಲೆ ಮಿತ್ರರು ಇನ್ನೊಂದು ಕಾಫಿಗೆ ಹೇಳಿದರು.