ಉಸಿರು ಎಣಿಸಿದ ರಾತ್ರಿ

ಹೋದ ವಾರ ಅಂಕಣ ಯಾಕೆ ಬರಲಿಲ್ಲ ಅಂತ ಕೆಲವರು ಕೇಳಿದ್ದೀರಿ. ನಮ್ಮ ಚಿಕ್ಕವನಿಗೆ ಹುಷಾರಿರಲಿಲ್ಲ. ಏಳು ತಿಂಗಳ ಕೂಸು.

ದೊಡ್ಡವಳು ಶಾಲೆಯಿಂದ ಸೀನುತ್ತಾ ಬಂದಳು, ಎರಡು ದಿನ ಜ್ವರ ಬಂದು ಮಲಗಿದಳು, ಮೂರನೇ ದಿನ ಎದ್ದು ಕುಣಿದಳು. ಅವಳು ಕುಣಿಯೋ ಹೊತ್ತಿಗೆ ತಮ್ಮನ ಮೈ ಸುಡ್ತಿತ್ತು. ಥರ್ಮಾಮೀಟರಿನಲ್ಲಿ 102. ಅತ್ತೆ ಸ್ವೆಟರು, ಕುಲಾವಿ ಹಾಕಿ ಮೇಲೆ ಕಂಬಳಿ ಸುತ್ತಿದ್ದರು. "ದೃಷ್ಟಿ ಆಗೈತೆ ಕಣಮ್ಮ" ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ಅನ್ನೋದು ಲೆಕ್ಕ. ಮನೆಯವರೆಲ್ಲ ಕೆಮ್ಮೋ ಹಾಗೆ ಘಾಟು ಬಂತು. ಆದರೂ ದೃಷ್ಟಿನೇ ಅಂದರು.

ಅದಕ್ಕೆ ನಾನು ಮಾತಾಡಲಿಲ್ಲ. ದೊಡ್ಡಪತ್ರೆ ರಸಕ್ಕೆ ಜೇನು ಬೆರೆಸೋಕೆ ಹೊರಟಾಗ ಮಾತ್ರ ಬಟ್ಟಲು ಇಸ್ಕೊಂಡೆ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು, ಅಪರೂಪಕ್ಕಾದರೂ ಅದರಲ್ಲಿರೋ ಒಂದು ಬ್ಯಾಕ್ಟೀರಿಯಾ ಹಸುಗೂಸಿನ ಹೊಟ್ಟೆಯಲ್ಲಿ ವಿಷವಾಗುತ್ತೆ.

ಹೀಗೆ ಅತ್ತೆಗೆ ಬುದ್ಧಿ ಹೇಳಿದವಳು ನಾನೇನು ಮಾಡಿದೆ ಗೊತ್ತಾ? ಫ್ರಿಜ್‌ನಲ್ಲಿ ದೊಡ್ಡವಳ ಕೆಮ್ಮಿನ ಸಿರಪ್ಪು ಅರ್ಧ ಬಾಟಲಿ ಇತ್ತು. ಅರ್ಧ ಚಮಚ ಹಾಕೋಣ ಅಂತ ಮುಚ್ಚಳ ತೆಗೆದಿದ್ದೆ. ನಮ್ಮನೆಯವರು, "ಮಧ್ಯಪ್ರದೇಶದ್ದು ಮರೆತೇಹೋಯ್ತಾ?" ಅಂದರು. 2025ರಲ್ಲಿ ಛಿಂದ್ವಾಡ ಕಡೆ ಕೆಮ್ಮಿನ ಸಿರಪ್ಪು ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡಿದ್ದು ನೆನಪಿರಬೇಕು. ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಸೇರಿತ್ತು. ಅದೇ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಕೊಡಲೇಬೇಡಿ ಅಂದಿತ್ತು. ಮುಚ್ಚಳ ಹಾಕಿದೆ.

ಬೆಳಿಗ್ಗೆ ಬೈಕಿನಲ್ಲಿ ಕೊರಟಗೆರೆಗೆ ಹೋದೆವು. ಡಾಕ್ಟರು ಮೊದಲು ತೂಕ ಹಾಕಿಸಿದರು, ಏಳು ಕೆಜಿಗೆ ಸ್ವಲ್ಪ ಕಮ್ಮಿ. ಆಮೇಲೆ ಅಂಗಿ ಎತ್ತಿ, ಸ್ಟೆತಾಸ್ಕೋಪೂ ಇಡದೆ, ಕೈಗಡಿಯಾರ ನೋಡ್ತಾ ಸುಮ್ಮನೆ ಕೂತರು. ಹೊರಗೆ ಅಷ್ಟು ಜನ ಕಾಯ್ತಿದ್ದಾರೆ, ಇವರಿಗೆ ಊಟದ ಹೊತ್ತಿನ ಚಿಂತೆ ಅಂದುಕೊಂಡೆ. ಪೂರ್ತಿ ಒಂದು ನಿಮಿಷ ಆದಮೇಲೆ "ನಲವತ್ತೆರಡು" ಅಂದರು. ಮಗುವಿನ ಉಸಿರು ಎಣಿಸ್ತಿದ್ದರು.

"ಫ್ಲೂ ಇದು, ವೈರಸ್ಸು. ಆಂಟಿಬಯಾಟಿಕ್ ಬೇಡಮ್ಮ" ಅಂದವರು ಜ್ವರಕ್ಕೆ ಪ್ಯಾರಾಸಿಟಮಾಲ್ ಡ್ರಾಪ್ಸ್, ಮೂಗಿಗೆ ಉಪ್ಪುನೀರಿನ ಡ್ರಾಪ್ಸ್, ಎರಡೇ ಬರೆದರು. ಡ್ರಾಪ್ಸ್ ಬಾಟಲಿ ಹಿಡಿದು ಹೇಳಿದ ಮಾತನ್ನ ನಾನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೀನಿ. ಇದರ ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ ಔಷಧಿ ಇದೆ. ಸಿರಪ್ಪಿನಲ್ಲಾದರೆ ಐದು ಎಂಎಲ್‌ಗೆ 125 ಅಥವಾ 250. ಸಿರಪ್ಪು ಅಂದುಕೊಂಡು ಡ್ರಾಪ್ಸನ್ನ ಒಂದು ಚಮಚ ಕುಡಿಸಿದರೆ ದೊಡ್ಡವರ 500ರ ಮಾತ್ರೆ ಕೂಸಿಗೆ ನುಂಗಿಸಿದ ಹಾಗೆ. ನಮ್ಮವನಿಗೆ ಒಂದು ಎಂಎಲ್, ಆರು ಗಂಟೆಗೊಂದು ಸಲ. ನಿಮ್ಮ ಮಗುವಿಗೆ ಎಷ್ಟು ಅನ್ನೋದನ್ನ ತೂಕ ನೋಡಿ ಡಾಕ್ಟರೇ ಹೇಳಬೇಕು.

ಮನೆಗೆ ಬಂದರೆ ಅತ್ತೆಗೆ ಸಮಾಧಾನವಿಲ್ಲ. "ಸೂಜಿ ಹಾಕಲಿಲ್ವಾ? ಇದಕ್ಕೆ ಅಲ್ಲೀಗಂಟ ಹೋಗ್ಬೇಕಿತ್ತಾ?" ನಿಜ ಹೇಳಬೇಕಂದರೆ ನನಗೂ ಹಾಗೇ ಅನ್ನಿಸಿತ್ತು. ಆದರೆ ಡಾಕ್ಟರು ಹೊರಡುವಾಗ ಹೇಳಿದ್ದು ತಲೆಯಲ್ಲಿತ್ತು: "ಥರ್ಮಾಮೀಟರಿಗಿಂತ ಉಸಿರು ನೋಡಿ. ಮಲಗಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿ. ಐವತ್ತು ಮುಟ್ಟಿದರೆ ಹಗಲೋ ರಾತ್ರಿಯೋ ಯೋಚನೆ ಮಾಡಬೇಡಿ."

ಮೂರನೇ ರಾತ್ರಿ ಜ್ವರ ನೂರಕ್ಕೆ ಇಳಿದಿತ್ತು. ಎಲ್ಲರಿಗೂ ನಿರಾಳ. ನನಗೆ ಮಾತ್ರ ಮಗು ಹಾಲು ಕುಡಿಯುವಾಗ ಎರಡು ಗುಟುಕಿಗೊಂದು ಸಲ ಬಿಟ್ಟು ಬಿಟ್ಟು ಏದುಸಿರು ಬಿಡ್ತಿದ್ದದ್ದು ಸರಿಕಾಣಲಿಲ್ಲ. ಎಣಿಸೋಣ ಅಂದರೆ ಭಯಕ್ಕೆ ಲೆಕ್ಕ ತಪ್ಪುತ್ತೆ. ಅತ್ತೆ ಒಂದು ಹಿಡಿ ಹುಣಸೆಬೀಜ ತಂದರು. "ನೀನು ಟೈಮ್ ನೋಡು, ನಾನು ಎಣಿಸ್ತೀನಿ." ಹತ್ತು ಉಸಿರಿಗೊಂದು ಬೀಜ ನೆಲಕ್ಕಿಡೋದು. ನಿಮಿಷ ಆಗೋ ಹೊತ್ತಿಗೆ ಐದು ಬೀಜ ಇಟ್ಟು ಆರನೇದು ಬೆರಳಲ್ಲಿ ಹಿಡಿದಿದ್ದರು. ಇನ್ನೊಂದು ಸಲ ಎಣಿಸಿದೆವು, ಅಷ್ಟೇ. ಅಂಗಿ ಎತ್ತಿದರೆ ಉಸಿರು ಎಳೆದಾಗೆಲ್ಲ ಪಕ್ಕೆ ಕೆಳಗೆ ಒಳಕ್ಕೆ ಹೋಗ್ತಿತ್ತು. "ಹೊರಡ್ರೋ" ಅಂದವರು ಅತ್ತೆನೇ.

ಪಕ್ಕದ ಮನೆಯವರ ಕಾರು ಸಿಕ್ಕಿತು. ಸಿಗದಿದ್ದರೆ ಅಂತ 108 ಒತ್ತಿಟ್ಟುಕೊಂಡಿದ್ದೆ. ತುಮಕೂರಿನ ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ನೋಡಿದ ತಕ್ಷಣ ಆಕ್ಸಿಜನ್ ಕೊಟ್ಟರು. ಮೂರು ದಿನ ಇದ್ದೆವು. ಆ ಮೂರು ದಿನದ ಬಗ್ಗೆ ಬರೆಯೋಕೆ ಈಗ ಆಗಲ್ಲ. ಹುಷಾರಾಗಿ ಬಂದಿದ್ದಾನೆ.

ಲೆಕ್ಕ ಬೇಕಾದವರು ಬರೆದಿಟ್ಟುಕೊಳ್ಳಿ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಮುಟ್ಟಿದರೆ ವೇಗದ ಉಸಿರು ಅಂತ. ಎದೆ ಒಳಕ್ಕೆ ಎಳೆದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾದರೆ, ತುಟಿ ನೀಲಿಯಾದರೆ ಎಣಿಸುತ್ತಾ ಕೂರಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಬರೀ ಜ್ವರ ಬಂದರೂ ಅದೇ ದಿನ ತೋರಿಸಬೇಕು. ಫ್ಲೂಗೆ ಆರು ತಿಂಗಳು ತುಂಬಿದ ಮೇಲೆ ಲಸಿಕೆ ಇದೆ. ಸರ್ಕಾರದ ಉಚಿತ ಪಟ್ಟಿಯಲ್ಲಿ ಇಲ್ಲದ್ದಕ್ಕೆ ನಮಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸು. ಮುಂದಿನ ತಿಂಗಳು ಹಾಕಿಸ್ತೀವಿ.

ಹುಣಸೆಬೀಜ ಕಿಟಕಿ ಮೇಲೆ ಒಂದು ಡಬ್ಬಿ ಮುಚ್ಚಳದಲ್ಲಿತ್ತು. ನಿನ್ನೆ ನೋಡಿದರೆ ದೊಡ್ಡವಳು ಅದನ್ನ ಚೌಕಾಬಾರಕ್ಕೆ ಅಂತ ಜಗಲಿ ಮೇಲೆ ಒಂದು ಬದಿ ಬೆಳ್ಳಗಾಗೋ ಹಾಗೆ ಉಜ್ಜುತ್ತಾ ಕೂತಿದ್ದಳು. ಅತ್ತೆ ಗದರಿಸಿ ಆರು ಬೀಜ ವಾಪಸ್ ಇಸ್ಕೊಂಡರು.