ಪ್ರತಿಭಟನಾಕಾರರ ಎದುರು ಬಂದೂಕು ಬೇಕೆ? ಜಾಲ್ನಾದಿಂದ ಮಂಗಳೂರಿನವರೆಗೆ ಮತ್ತೆ ಮತ್ತೆ ಏಳುವ ಪ್ರಶ್ನೆ

2023ರ ಸೆಪ್ಟೆಂಬರ್ 1. ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಅಂತರವಾಲಿ ಸರಾಟಿ ಎಂಬ ಪುಟ್ಟ ಹಳ್ಳಿ. ಮರಾಠಾ ಮೀಸಲಾತಿಗಾಗಿ ಮನೋಜ್ ಜರಾಂಗೆ ಪಾಟೀಲ್ ಉಪವಾಸ ಕೂತು ಅಂದಿಗೆ ನಾಲ್ಕನೇ ದಿನ. ಅವರನ್ನು ಆಸ್ಪತ್ರೆಗೆ ಸಾಗಿಸಲು ಪೊಲೀಸರು ಬಂದರು, ಜನ ಅಡ್ಡ ನಿಂತರು. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ಕಲ್ಲು ತೂರಾಟ ನಡೆಯಿತು. ಪೊಲೀಸರೂ ಸೇರಿದಂತೆ ಹತ್ತಾರು ಮಂದಿ ಗಾಯಗೊಂಡರು. ತಮ್ಮ ಮೇಲೆ ಛರ್ರೆಗಳನ್ನೂ ಹಾರಿಸಿದರು ಎಂದು ಗಾಯಾಳುಗಳು ಆರೋಪಿಸಿದರು.

ಮೂರು ದಿನಗಳ ನಂತರ ಗೃಹ ಖಾತೆ ಹೊಂದಿದ್ದ ಉಪಮುಖ್ಯಮಂತ್ರಿ ದೇವೇಂದ್ರ ಫಡ್ನವಿಸ್ ಕ್ಷಮೆ ಕೇಳಿದರು. ಜಿಲ್ಲಾ ಎಸ್‌ಪಿಯನ್ನು ಕಡ್ಡಾಯ ರಜೆ ಮೇಲೆ ಕಳುಹಿಸಲಾಯಿತು. ಆದರೆ ಒಂದು ಪ್ರಶ್ನೆ ಮಾತ್ರ ರಾಜ್ಯವಿಡೀ ಸುತ್ತಾಡಿತು: ಆದೇಶ ಕೊಟ್ಟವರು ಯಾರು? ಮಂತ್ರಾಲಯದಿಂದ ಆದೇಶ ಹೋಗಿಲ್ಲ ಎಂದು ಫಡ್ನವಿಸ್ ಹೇಳಿದರು. ಅಂದರೆ ಸ್ಥಳದಲ್ಲಿದ್ದ ಯಾರೋ ಒಬ್ಬರು, ಒಂದು ಕ್ಷಣದಲ್ಲಿ ತೀರ್ಮಾನ ತೆಗೆದುಕೊಂಡರು ಎಂದಾಯಿತು.

ಸಿಲ್ಲೋಡ್‌ನಿಂದ ಅಂಬಡ್‌ವರೆಗೆ ಹತ್ತಿ ಬೆಳೆಯುವ ಈ ಮರಾಠವಾಡ ನಮಗೆ ದೂರದ ನಾಡೇನಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಬೀದರ್, ಕಲಬುರಗಿ, ರಾಯಚೂರಿನ ಜೊತೆಗೇ ಇದ್ದ ಪ್ರದೇಶ ಅದು. ಅಲ್ಲಿ ಎದ್ದ ಪ್ರಶ್ನೆ ನಮ್ಮ ನರಗುಂದ, ಹಾವೇರಿ, ಮಂಗಳೂರಿನಲ್ಲೂ ಎದ್ದಿದೆ. ಪ್ರತಿಭಟನೆ ನಿಯಂತ್ರಿಸಲು ಹೋಗುವ ಪೊಲೀಸರ ಕೈಯಲ್ಲಿ ಜೀವ ತೆಗೆಯುವ ಆಯುಧ ಇರಬೇಕೆ? ಇದ್ದರೆ ಯಾರ ಕೈಯಲ್ಲಿ?

ಒಂದೇ ವರ್ಷ, ಮೂರು ಚಿತ್ರ

ಅಂತರವಾಲಿ ಘಟನೆಗೆ ಐದು ತಿಂಗಳ ಮೊದಲು, 2023ರ ಮಾರ್ಚ್ 29ರ ರಾತ್ರಿ, ಛತ್ರಪತಿ ಸಂಭಾಜಿನಗರದ ಕಿರಾಡ್‌ಪುರದಲ್ಲಿ ರಾಮನವಮಿಯ ಮುನ್ನಾದಿನ ಗಲಭೆಯಾಯಿತು. ಪೊಲೀಸ್ ವಾಹನಗಳಿಗೆ ಬೆಂಕಿ ಬಿತ್ತು. ಪೊಲೀಸರು ಗುಂಡು ಹಾರಿಸಿದರು. ಗುಂಡೇಟು ತಗುಲಿದ ಒಬ್ಬರು ನಂತರ ಆಸ್ಪತ್ರೆಯಲ್ಲಿ ಮೃತಪಟ್ಟರು.

ಅಂತರವಾಲಿಯಲ್ಲಿ ಜೀವಹಾನಿ ಆಗಲಿಲ್ಲ. ಆದರೂ ಅಲ್ಲಿಯವರೆಗೆ ಮರಾಠವಾಡದ ಆಚೆ ಹೆಚ್ಚು ಪರಿಚಿತರಲ್ಲದ ಜರಾಂಗೆ ಒಂದೇ ಸಂಜೆಯಲ್ಲಿ ರಾಜ್ಯಮಟ್ಟದ ನಾಯಕರಾದರು. ಲಾಠಿಯ ಬೆಲೆಯೇ ಇಷ್ಟಾದರೆ ಗುಂಡಿನ ಬೆಲೆ ಎಷ್ಟಿರುತ್ತಿತ್ತು?

ಮೂರನೆಯ ಚಿತ್ರ ಇದಕ್ಕೆ ವಿರುದ್ಧವಾದದ್ದು. ಅದೇ ವರ್ಷ ಅಕ್ಟೋಬರ್ 30ರಂದು ಬೀಡ್ ಜಿಲ್ಲೆಯಲ್ಲಿ ಉದ್ರಿಕ್ತ ಗುಂಪುಗಳು ಶಾಸಕರ ಮನೆಗಳಿಗೆ ಬೆಂಕಿ ಹಚ್ಚಿದವು. ಶಾಸಕ ಪ್ರಕಾಶ್ ಸೋಳಂಕೆ ಆ ಹೊತ್ತಿನಲ್ಲಿ ಮನೆಯೊಳಗೇ ಇದ್ದರು. ಅಂತರವಾಲಿಯ ನಂತರ ಪೊಲೀಸರು ಕೈಕಟ್ಟಿ ನಿಂತರು ಎಂಬ ಟೀಕೆ ಆಗ ಕೇಳಿಬಂತು.

ಅತಿಯಾದ ಬಲವೂ ತಪ್ಪು, ಬಲವೇ ಇಲ್ಲದಿರುವುದೂ ತಪ್ಪು. ಹಾಗಾಗಿ 'ಬಂದೂಕು ಬೇಕು', 'ಬಂದೂಕು ಬೇಡ' ಎಂಬ ಎರಡೇ ಉತ್ತರಗಳಲ್ಲಿ ಈ ಚರ್ಚೆ ಮುಗಿಯುವುದಿಲ್ಲ.

ಕರ್ನಾಟಕದ ಗೋಲಿಬಾರ್ ಇತಿಹಾಸ

1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ ವಿರುದ್ಧ ನರಗುಂದ, ನವಲಗುಂದದಲ್ಲಿ ಬೀದಿಗಿಳಿದಿದ್ದರು. ಗೋಲಿಬಾರ್‌ಗೆ ರೈತರು ಬಲಿಯಾದರು. ರೊಚ್ಚಿಗೆದ್ದ ಜನರ ಕೈಗೆ ಸಿಕ್ಕು ಪೊಲೀಸರೂ ಪ್ರಾಣ ಕಳೆದುಕೊಂಡರು. ರಾಜ್ಯದಲ್ಲಿ ರೈತ ಚಳವಳಿ ಬಲಗೊಂಡಿದ್ದು ಅಲ್ಲಿಂದ. ಗುಂಡೂರಾವ್ ಸರ್ಕಾರ 1983ರ ಚುನಾವಣೆಯಲ್ಲಿ ಸೋಲಲು ಈ ಸಿಟ್ಟೂ ಒಂದು ಕಾರಣವಾಯಿತು. ಇಂದಿಗೂ ಜುಲೈ 21ರಂದು ರೈತರು ಹುತಾತ್ಮರ ದಿನ ಆಚರಿಸುತ್ತಾರೆ.

2008ರ ಜೂನ್ 10. ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಎರಡು ವಾರವೂ ಆಗಿರಲಿಲ್ಲ. ಹಾವೇರಿಯಲ್ಲಿ ಬಿತ್ತನೆ ಹೊತ್ತಿಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆಯಿತು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು.

2019ರ ಡಿಸೆಂಬರ್ 19. ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆ ವೇಳೆ ಮಂಗಳೂರಿನಲ್ಲಿ ಇಬ್ಬರು ಗುಂಡಿಗೆ ಬಲಿಯಾದರು. ಗುಂಪು ಠಾಣೆಗೆ ನುಗ್ಗಲು ಯತ್ನಿಸಿತು ಎಂಬುದು ಪೊಲೀಸರ ವಾದ. ಮೊದಲು ಪರಿಹಾರ ಘೋಷಿಸಿದ ಸರ್ಕಾರ, ತನಿಖೆ ಮುಗಿಯಲಿ ಎಂದು ಅದನ್ನು ತಡೆಹಿಡಿಯಿತು. 2020ರ ಫೆಬ್ರುವರಿಯಲ್ಲಿ ಆರೋಪಿಗಳಿಗೆ ಜಾಮೀನು ನೀಡುವಾಗ ಹೈಕೋರ್ಟ್ ಪೊಲೀಸರ ನಡೆಯ ಬಗ್ಗೆ ಕಟುವಾಗಿ ಮಾತಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ಜಾಮೀನು ಆದೇಶಕ್ಕೆ ತಡೆ ನೀಡಿತು.

ಇನ್ನೊಂದು ಮುಖವೂ ಇದೆ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಶಾಸಕರ ಮನೆ ಸುಟ್ಟಿತು, ಪೊಲೀಸ್ ಠಾಣೆಗಳ ಮೇಲೆ ದಾಳಿಯಾಯಿತು. ಪೊಲೀಸರು ಗುಂಡು ಹಾರಿಸಿದರು, ಮೂವರು ಸತ್ತರು. ಬೆಂಕಿ ಹತ್ತಿದ ಠಾಣೆಯೊಳಗೆ ಸಿಕ್ಕಿಕೊಂಡ ಕಾನ್‌ಸ್ಟೆಬಲ್‌ಗೆ 'ನಿನ್ನ ಬಳಿ ಬಂದೂಕು ಇರಬಾರದು' ಎಂದು ದೂರದಲ್ಲಿ ಕೂತು ಹೇಳುವುದು ಸುಲಭ. ಆತನಿಗೂ ಮನೆಯಿದೆ, ಮಕ್ಕಳಿದ್ದಾರೆ.

ಕಾನೂನು ಏನು ಹೇಳುತ್ತದೆ?

ಕಾನೂನುಬಾಹಿರ ಗುಂಪನ್ನು ಚದುರಿಸುವ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಸೆಕ್ಷನ್‌ನಲ್ಲಿದೆ. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ, ಅವರಿಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಆದೇಶ ಕೊಡಬಹುದು. ಜನ ಚದುರದಿದ್ದರೆ 'ಬಲ' ಬಳಸಬಹುದು. ಯಾವ ಬಲ, ಯಾವ ಆಯುಧ ಎಂಬುದನ್ನು ಈ ಸೆಕ್ಷನ್ ಬಿಡಿಸಿ ಹೇಳುವುದಿಲ್ಲ. ಅದು ಪೊಲೀಸ್ ಕೈಪಿಡಿಗಳ ಕೆಲಸ. ಮೊದಲು ಎಚ್ಚರಿಕೆ, ಆಮೇಲೆ ಅಶ್ರುವಾಯು, ಲಾಠಿ, ಬೇರೆ ದಾರಿಯೇ ಇಲ್ಲದಾಗ ಗುಂಡು, ಅದೂ ಸೊಂಟದ ಕೆಳಗೆ ಎಂಬುದು ರೂಢಿಯಲ್ಲಿರುವ ಕ್ರಮ.

149ನೇ ಸೆಕ್ಷನ್ ಸೇನೆಯನ್ನು ಕರೆಸುವ ಬಗ್ಗೆ ಹೇಳುತ್ತದೆ. ಆದಷ್ಟು ಕಡಿಮೆ ಬಲ ಬಳಸಬೇಕು, ಜನರಿಗೆ ಹಾಗೂ ಆಸ್ತಿಗೆ ಆದಷ್ಟು ಕಡಿಮೆ ಹಾನಿ ಮಾಡಬೇಕು ಎಂಬ ಮಾತು ಅಲ್ಲಿದೆ. 151ನೇ ಸೆಕ್ಷನ್ ಪ್ರಕಾರ, ಇಂಥ ಕಾರ್ಯಾಚರಣೆಯ ವಿಚಾರದಲ್ಲಿ ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ ಬೇಕು.

1990ರಲ್ಲಿ ಹವಾನಾದಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಮೂಲ ತತ್ವಗಳು ಇನ್ನೂ ಬಿಗಿಯಾಗಿವೆ. ಗುಂಪು ಹಿಂಸೆಗಿಳಿದಿದೆ ಎಂಬುದೊಂದೇ ಗುಂಡು ಹಾರಿಸಲು ಕಾರಣವಾಗದು. ಜೀವಕ್ಕೆ ಅಥವಾ ಗಂಭೀರ ಗಾಯಕ್ಕೆ ದಾರಿಯಾಗುವ ಅಪಾಯ ಕಣ್ಣೆದುರೇ ಇರಬೇಕು, ಬೇರೆ ಉಪಾಯ ಇರಬಾರದು. ಬಸ್ಸು, ಕಚೇರಿ ಉಳಿಸಲು ಪ್ರಾಣ ತೆಗೆಯುವಂತಿಲ್ಲ.

ಮೊದಲ ಸಾಲಿನಲ್ಲಿ ರೈಫಲ್ ಯಾಕೆ ಬೇಡ?

ಎಸ್‌ಎಲ್‌ಆರ್‌ನಂಥ ರೈಫಲ್ ತಯಾರಾಗಿದ್ದು ಯುದ್ಧಕ್ಕೆ. ಅದರ ಗುಂಡು ನೂರಾರು ಮೀಟರ್ ಆಚೆಗೂ ಕೊಲ್ಲಬಲ್ಲದು. ಕಲ್ಲು ಎಸೆದವನು ಯಾರು, ಹಾಲು ತರಲು ಹೊರಟವನು ಯಾರು ಎಂದು ಗುಂಡಿಗೆ ಗೊತ್ತಾಗುವುದಿಲ್ಲ. 2018ರ ಮೇ 22ರಂದು ತೂತ್ತುಕುಡಿಯಲ್ಲಿ ಸ್ಟರ್ಲೈಟ್ ಕಾರ್ಖಾನೆ ವಿರುದ್ಧದ ಪ್ರತಿಭಟನೆಯ ಮೇಲೆ ಗುಂಡು ಹಾರಿತು. ಈ ಗೋಲಿಬಾರ್‌ನಲ್ಲಿ 13 ಮಂದಿ ಸತ್ತರು. ಓಡಿಹೋಗುತ್ತಿದ್ದವರ ಮೇಲೂ ಪೊಲೀಸರು ಗುಂಡು ಹಾರಿಸಿದ್ದಾರೆ ಎಂದು ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗ ಹೇಳಿತು. ಓಡಿಹೋಗುವವನಿಂದ ಯಾರ ಜೀವಕ್ಕೆ ಅಪಾಯ?

ಸುದ್ದಿಮನೆಯ ಡೆಸ್ಕ್‌ನಲ್ಲಿ ಕೆಲಸ ಮಾಡುವ ನಮಗೆ 'ಗೋಲಿಬಾರ್ ನಡೆಯಿತು' ಎಂಬ ವಾಕ್ಯ ಕೈಗೆ ಅಂಟಿಕೊಂಡುಬಿಟ್ಟಿದೆ. ಅದರಲ್ಲಿ ಗುಂಡು ಹಾರಿಸಿದವನೂ ಇಲ್ಲ, ಆದೇಶ ಕೊಟ್ಟವನೂ ಇಲ್ಲ. ಮೊದಲ ಸಾಲಿನ ಇಪ್ಪತ್ತು ಮಂದಿಯ ಕೈಯಲ್ಲಿ ರೈಫಲ್ ಇದ್ದು, ಗಲಾಟೆಯಲ್ಲಿ ಯಾರೋ ಒಬ್ಬ ಹೆದರಿ ಕುದುರೆ ಎಳೆದರೆ ತನಿಖೆಯೂ ಈ ವಾಕ್ಯದಷ್ಟೇ ಮಸುಕಾಗುತ್ತದೆ. ಬಂದೂಕನ್ನು ಹಿಂದಿನ ಸಾಲಿಗೆ ಸರಿಸಬೇಕು ಎನ್ನಲು ಇದೇ ಮುಖ್ಯ ಕಾರಣ.

ಅಂದರೆ ಜನರಿಗೆ ಎದುರಾಗಿ ನಿಲ್ಲುವವರ ಬಳಿ ಗುರಾಣಿ, ಹೆಲ್ಮೆಟ್, ಲಾಠಿ ಮಾತ್ರ ಇರಲಿ. ರೈಫಲ್ ಹಿಡಿದ ಚಿಕ್ಕ ತುಕಡಿ ಹಿಂದೆ, ಒಬ್ಬ ಗೊತ್ತುಪಡಿಸಿದ ಅಧಿಕಾರಿಯ ಕೈಕೆಳಗೆ ಇರಲಿ. ಠಾಣೆಗೆ ಬೆಂಕಿ ಬಿದ್ದರೆ, ಯಾರದಾದರೂ ಜೀವಕ್ಕೆ ಅಪಾಯ ಬಂದರೆ ಅವರು ಮುಂದೆ ಬರಲಿ. ಇಂಗ್ಲೆಂಡ್‌ನಲ್ಲಿ ಬಹುತೇಕ ಪೊಲೀಸರು ಬಂದೂಕು ಹಿಡಿಯುವುದೇ ಇಲ್ಲ. ಆ ಕೆಲಸಕ್ಕೆ ಪ್ರತ್ಯೇಕ ತರಬೇತಿ ಪಡೆದವರಿದ್ದಾರೆ.

ಸೈನಿಕರ ವಿಚಾರ ಬೇರೆ

ಸೈನಿಕನಿಗೆ ಕಲಿಸುವುದು ಶತ್ರುವನ್ನು ಸೋಲಿಸಲು. ಪ್ರತಿಭಟನಾಕಾರ ಶತ್ರುವಲ್ಲ. 1972ರ ಜನವರಿ 30ರಂದು ಉತ್ತರ ಐರ್ಲೆಂಡ್‌ನ ಡೆರ್ರಿಯಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಬ್ರಿಟಿಷ್ ಪ್ಯಾರಾ ಸೈನಿಕರು ಗುಂಡು ಹಾರಿಸಿದರು. ಅಂದೇ 13 ಮಂದಿ ಸತ್ತರು. ಅದು ಅಸಮರ್ಥನೀಯ ಎಂದು ಸವಿಲ್ ವಿಚಾರಣಾ ವರದಿ ಬಂದು, ಪ್ರಧಾನಿ ಕ್ಷಮೆ ಕೇಳಿದ್ದು 2010ರಲ್ಲಿ, 38 ವರ್ಷಗಳ ನಂತರ. ಸೇನೆಯನ್ನು ಕರೆಸಲೇಬೇಕಾದ ದಿನ ಬರಬಹುದು. ಆದರೆ ಅದು ಪೊಲೀಸ್ ವ್ಯವಸ್ಥೆ ಸಂಪೂರ್ಣ ಕುಸಿದ ದಿನವಾಗಿರಬೇಕು.

ಲಾಠಿ, ಛರ್ರೆಯಿಂದ ಸಾವಿಲ್ಲವೇ?

ಬಂದೂಕು ಇಲ್ಲದಿದ್ದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 1994ರ ನವೆಂಬರ್ 23ರಂದು ನಾಗ್ಪುರದಲ್ಲಿ ಗೋವಾರಿ ಸಮುದಾಯದ ಮೋರ್ಚಾದ ಮೇಲೆ ಲಾಠಿ ಬೀಸಿದಾಗ ನೂಕುನುಗ್ಗಲು ಉಂಟಾಗಿ 114 ಮಂದಿ ಸತ್ತರು. 2016ರಲ್ಲಿ ಕಾಶ್ಮೀರದಲ್ಲಿ ಪೆಲೆಟ್ ತಗುಲಿ ನೂರಾರು ಜನರ ಕಣ್ಣಿಗೆ ಪೆಟ್ಟಾಯಿತು. ಓಡಲು ದಾರಿ ಬಿಡದೆ ಚದುರಿಸಿದರೆ ಲಾಠಿಯೂ ಕೊಲ್ಲುತ್ತದೆ. ಆಯುಧದಷ್ಟೇ ತರಬೇತಿಯೂ ಮುಖ್ಯ.

ಹೊಣೆ ಹೊರುವವರು ಯಾರು?

ಪೊಲೀಸ್ ಗುಂಡಿಗೆ ಯಾರೇ ಸತ್ತರೂ ಮ್ಯಾಜಿಸ್ಟ್ರೇಟ್ ತನಿಖೆ ಆಗಲೇಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದರೆ ತನಿಖೆ ಶಿಕ್ಷೆಯವರೆಗೆ ಹೋಗುವುದು ಅಪರೂಪ. 1997ರ ಜುಲೈ 11ರಂದು ಮುಂಬೈನ ಘಾಟ್‌ಕೋಪರ್‌ನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಆದ ಅವಮಾನ ಖಂಡಿಸಿ ಸೇರಿದ್ದ ಜನರ ಮೇಲೆ ರಾಜ್ಯ ಮೀಸಲು ಪೊಲೀಸರು ಗುಂಡು ಹಾರಿಸಿ 10 ಮಂದಿ ಸತ್ತರು. ಆದೇಶ ಕೊಟ್ಟ ಅಧಿಕಾರಿಗೆ ಕೆಳ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2009ರಲ್ಲಿ. ನಂತರ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

2025ರ ಸೆಪ್ಟೆಂಬರ್‌ನಲ್ಲೇ ಎರಡು ಪಾಠ ಸಿಕ್ಕಿವೆ. ಸೆಪ್ಟೆಂಬರ್ 8ರಂದು ನೇಪಾಳದಲ್ಲಿ ಯುವಜನರ ಪ್ರತಿಭಟನೆ ಮೇಲೆ ಗುಂಡು ಹಾರಿ 19 ಮಂದಿ ಸತ್ತರು. ಮರುದಿನವೇ ಪ್ರಧಾನಿ ಓಲಿ ರಾಜೀನಾಮೆ ಕೊಡಬೇಕಾಯಿತು. ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ರಾಜ್ಯ ಸ್ಥಾನಮಾನದ ಬೇಡಿಕೆಯ ಪ್ರತಿಭಟನೆ ಹಿಂಸೆಗೆ ತಿರುಗಿ, ಗುಂಡಿಗೆ ನಾಲ್ವರು ಬಲಿಯಾದರು. ಅವರಲ್ಲೊಬ್ಬರು ಮಾಜಿ ಸೈನಿಕ. ಕೇಂದ್ರ ಸರ್ಕಾರ ನ್ಯಾಯಾಂಗ ತನಿಖೆಗೆ ಆದೇಶಿಸಿತು.

ತನಿಖೆಗೆ ಬೆಲೆ ಬರಬೇಕಾದರೆ ಮೂರು ಕೆಲಸ ಆಗಬೇಕು. ಗುಂಡು ಹಾರಿಸುವ ಆದೇಶ ಕೊಟ್ಟವರ ಹೆಸರು, ಸಮಯ, ಕಾರಣ ಅಂದೇ ದಾಖಲಾಗಬೇಕು. ಯಾರಿಗೆ ಎಷ್ಟು ಗುಂಡು ಕೊಟ್ಟಿತ್ತು, ಎಷ್ಟು ವಾಪಸ್ ಬಂತು ಎಂಬ ಲೆಕ್ಕವೂ ಕ್ಯಾಮೆರಾ ದೃಶ್ಯವೂ ಸ್ವತಂತ್ರ ತನಿಖೆಯ ಕೈ ಸೇರಬೇಕು. ವರದಿ ಸಾರ್ವಜನಿಕವಾಗಬೇಕು. ಇದರಿಂದ ಸರಿಯಾಗಿ ಕೆಲಸ ಮಾಡಿದ ಪೊಲೀಸರಿಗೇ ಹೆಚ್ಚು ರಕ್ಷಣೆ.

ನರಗುಂದದಲ್ಲಿ ಜನ ಕೇಳಿದ್ದು ಕರ ಮನ್ನಾ. ಹಾವೇರಿಯಲ್ಲಿ ಕೇಳಿದ್ದು ಗೊಬ್ಬರ. ಅಂತರವಾಲಿಯಲ್ಲಿ ಕೇಳಿದ್ದು ಮೀಸಲಾತಿ. ಇವನ್ನು ಕೊಡುವುದೂ ಬಿಡುವುದೂ ಸರ್ಕಾರದ ತೀರ್ಮಾನ. ಆ ಉತ್ತರ ಹೇಳಬೇಕಾದವರು ಸಚಿವರು ಮತ್ತು ಜಿಲ್ಲಾಧಿಕಾರಿಗಳು. ಅವರು ಬರುವಷ್ಟು ಹೊತ್ತು ಜನರ ಎದುರು ನಿಲ್ಲುವ ಕಾನ್‌ಸ್ಟೆಬಲ್ ಕೈಗೆ ರೈಫಲ್ ಬದಲು ಒಂದು ಒಳ್ಳೆಯ ಗುರಾಣಿ ಕೊಟ್ಟರೆ, ಆತನೂ ಎದುರಿನವನೂ ಸಂಜೆ ಮನೆ ಸೇರಬಹುದು.