ಯೋಗಾಗ್ನಿ ಪರದೆಯ ಮೇಲಿರಲಿ, ವೇದಿಕೆಯ ಮೇಲೆ ಬೇಡ



ಈ ವರ್ಷದ ರಾಜ್ಯೋತ್ಸವದ ಅಂಗವಾಗಿ ಒಂದು ವಿಡಿಯೋ ಗೇಮ್ ಪಂದ್ಯಾವಳಿಯನ್ನು ಏರ್ಪಡಿಸಲು ನಮ್ಮ ಸಂಘದ ಯುವ ವಿಭಾಗದ ಮಕ್ಕಳು ಅನುಮತಿ ಕೋರಿದ್ದಾರೆ. ಅವರು ಆರಿಸಿಕೊಂಡಿರುವುದು 'ಸ್ಟ್ರೀಟ್ ಫೈಟರ್' ಎಂಬ ಕಾಳಗದ ಆಟವನ್ನು. ಅದರಲ್ಲಿ ಧಾಲ್ಸಿಮ್ ಎಂಬ ಭಾರತೀಯ ಯೋಗಿಯ ಪಾತ್ರವೊಂದಿದೆ. ಆತ ಬಾಯಿಯಿಂದ ಬೆಂಕಿಯುಂಡೆಯನ್ನು ಉಗುಳುತ್ತಾನೆ. ಆ ವಿಶೇಷ ಪಟ್ಟಿನ ಹೆಸರು 'ಯೋಗಾ ಫೈರ್'. ಇದು ಯೋಗಶಾಸ್ತ್ರಕ್ಕೆ ಮಾಡಿದ ಅಪಮಾನವೆಂದೂ, ಪಂದ್ಯಾವಳಿಯನ್ನು ರದ್ದುಪಡಿಸಬೇಕೆಂದೂ, ಕನಿಷ್ಠ ಆ ಪಾತ್ರವನ್ನಾದರೂ ನಿಷೇಧಿಸಬೇಕೆಂದೂ ಕೆಲವು ಹಿರಿಯರು ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದಾರೆ. ಸಂಘದ ಆರೋಗ್ಯ ಶಿಬಿರಗಳನ್ನು ನಡೆಸುವ ಸ್ವಯಂಸೇವಕರಾದ ನಾವು ಈ ಬೇಡಿಕೆಯನ್ನು ವಿರೋಧಿಸುತ್ತೇವೆ. ಆಟಕ್ಕೂ ವೈದ್ಯರಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿದೆ, ಮತ್ತು ಅದು ಸಣ್ಣದಲ್ಲ.

ಮೊದಲು ಆಕ್ಷೇಪಣೆಯಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1991ರಲ್ಲಿ 'ಸ್ಟ್ರೀಟ್ ಫೈಟರ್ 2' ಆಟವನ್ನು ಹೊರತಂದಾಗ ಅದರಲ್ಲಿ ಆಡಲು ಸಿಗುತ್ತಿದ್ದ ಎಂಟು ಕಾಳಗಗಾರರಲ್ಲಿ ಧಾಲ್ಸಿಮ್ ಒಬ್ಬ. ಕೃಶವಾದ ಶರೀರ, ಬೋಳು ತಲೆ, ಕೊರಳಲ್ಲಿ ತಲೆಬುರುಡೆಗಳ ಸರ, ಹಿನ್ನೆಲೆಯಲ್ಲಿ ಘೀಳಿಡುವ ಆನೆಗಳು. ಕೈಕಾಲುಗಳು ರಬ್ಬರಿನಂತೆ ಪರದೆಯ ಉದ್ದಕ್ಕೂ ಚಾಚಿಕೊಳ್ಳುತ್ತವೆ. 1976ರ ಕುಂಗ್-ಫೂ ಚಲನಚಿತ್ರವೊಂದರಲ್ಲಿ ಕೈ ನೀಳವಾಗುವ ಭಾರತೀಯ ಯೋಗಿಯೊಬ್ಬನಿದ್ದಾನೆ. ಈ ಪಾತ್ರಕ್ಕೆ ಅವನೇ ಪ್ರೇರಣೆಯೆಂದು ಆಟದ ಅಭಿಮಾನಿಗಳು ಹೇಳುವುದುಂಟು. ಅಂದರೆ ಇದು ಹೊರಗಿನವರ ಕಣ್ಣಿಗೆ ಕಂಡ ಭಾರತ, ಅದೂ ಕೈಯಿಂದ ಕೈಗೆ ಬಂದ ಭಾರತ. ಅದನ್ನು ನೋಡಿ ಹಿರಿಯರಿಗೆ ಇರಿಸುಮುರಿಸಾದರೆ ಅದು ಸಹಜವೇ.

ಆದರೆ ಆಕ್ಷೇಪಿಸುವವರು ಪಾತ್ರದ ಕಥೆಯನ್ನೂ ತಿಳಿಯಬೇಕು. ಆ ಬುರುಡೆಗಳು ಶತ್ರುಗಳವಲ್ಲ. ಊರಿನಲ್ಲಿ ಸಾಂಕ್ರಾಮಿಕ ರೋಗಕ್ಕೆ ಬಲಿಯಾದ ಮಕ್ಕಳವು, ಅವರ ನೆನಪಿಗಾಗಿ ಧರಿಸಿದವು. ಧಾಲ್ಸಿಮ್ ಹಿಂಸೆಯನ್ನು ಒಲ್ಲದವನು. ಬಡ ಊರಿಗೆ ಹಣ ಕೂಡಿಸಲೆಂದು ಕಾಳಗಕ್ಕೆ ಇಳಿದವನು. ಆತನಿಗೆ ಹೆಂಡತಿಯಿದ್ದಾಳೆ, ದತ್ತ ಎಂಬ ಮಗನಿದ್ದಾನೆ. ಚಿತ್ರಣ ಒರಟಾದರೂ ಹೊಣೆಯರಿತ ಗೃಹಸ್ಥನದೇ ಚಿತ್ರಣ. ತೊಂಬತ್ತರ ದಶಕದಲ್ಲಿ ಊರಿನ ಗೇಮ್ ಪಾರ್ಲರುಗಳ ಮುಂದೆ ನಾಣ್ಯ ಹಿಡಿದು ಸರದಿಗಾಗಿ ಕಾದ ನಮ್ಮ ತಲೆಮಾರಿಗೆ ಆತ ಹಳೆಯ ಪರಿಚಿತ. ಆತನನ್ನು ನೋಡಿದ ಮಾತ್ರಕ್ಕೆ ಬಾಯಿಂದ ಬೆಂಕಿ ಬರಿಸಲು ಹೊರಟವರನ್ನು ನಾವಂತೂ ಕಾಣೆವು.

ಇನ್ನು ಆ ಪಟ್ಟಿನ ವಿಚಾರ. ಜಾಯ್‌ಸ್ಟಿಕ್ಕನ್ನು ಕೆಳಗೆ, ಕೆಳ ಮೂಲೆಗೆ, ಮುಂದಕ್ಕೆ ಎಂದು ಕಾಲು ವೃತ್ತದಷ್ಟು ತಿರುಗಿಸಿ ಗುದ್ದಿನ ಗುಂಡಿಯನ್ನು ಒತ್ತಿದರೆ ಬೆಂಕಿಯುಂಡೆ ಹೊರಡುತ್ತದೆ. ಎದುರಾಳಿ ಅದನ್ನು ಹಾರಿ ತಪ್ಪಿಸಿಕೊಳ್ಳಬಹುದು. ತಡೆದು ನಿಲ್ಲಬಹುದು, ಆಗ ಚೂರು ಪೆಟ್ಟು ಮಾತ್ರ ತಗಲುತ್ತದೆ. ಎದುರಿನಿಂದ ಇನ್ನೊಂದು ಉಂಡೆ ಬಂದು ಡಿಕ್ಕಿ ಹೊಡೆದರೆ ಎರಡೂ ನಂದಿಹೋಗುತ್ತವೆ. ಕೈ ತಪ್ಪಿದರೆ ಬೆಂಕಿ ಬರುವುದೇ ಇಲ್ಲ, ಮತ್ತು ಅದು ಎಲ್ಲರಿಗೂ ಕಾಣುತ್ತದೆ. ಗುಂಡಿ ಒತ್ತಿದವನು ಅರ್ಚಕನೋ ಅಡುಗೆಯವನೋ ಎಂಬುದನ್ನು ಯಂತ್ರ ಕೇಳುವುದಿಲ್ಲ. ಅತೀಂದ್ರಿಯ ಶಕ್ತಿಯೆಂದು ಹೆಸರಿದ್ದರೂ ಈ ಬೆಂಕಿ ನಿಯಮಕ್ಕೆ ಒಳಪಟ್ಟದ್ದು, ಪರೀಕ್ಷೆಗೆ ಸಿಕ್ಕುವಂಥದ್ದು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಏಕೆಂದರೆ ಎರಡು ವರ್ಷಗಳ ಹಿಂದೆ, ಇದೇ ಸಂಘದ ವೇದಿಕೆಯ ಮೇಲೆ, ನಾವು ಇನ್ನೊಬ್ಬ ಯೋಗಿಯನ್ನು ಕೂರಿಸಿದ್ದೆವು. ಶಾಲು ಹೊದಿಸಿದೆವು, ಫಲತಾಂಬೂಲ ಕೊಟ್ಟೆವು. ಅವರು ಸಾವಿರಾರು ಮೈಲಿ ದೂರದಿಂದ, ದೂರವಾಣಿಯ ಮೂಲಕ, ಪ್ರಾಣಶಕ್ತಿಯನ್ನು ಕಳುಹಿಸಿ ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುವುದಾಗಿ ಹೇಳಿದರು. ಔಷಧಿಗಳೆಲ್ಲ ವಿಷವೆಂದರು. ಸಭೆ ಚಪ್ಪಾಳೆ ತಟ್ಟಿತು. ಆಗ ಯಾರೂ ಸಮಿತಿಗೆ ಪತ್ರ ಬರೆಯಲಿಲ್ಲ. ಯೋಗಕ್ಕೆ ಅಪಮಾನವಾಯಿತೆಂದು ಯಾರಿಗೂ ಅನ್ನಿಸಲಿಲ್ಲ. ಆ ಸಭೆಯಲ್ಲಿ ನಾವೂ ಇದ್ದೆವು. ಊಟದ ಹೊತ್ತು ಮೀರುತ್ತದೆ, ಅತಿಥಿಗಳನ್ನು ಪ್ರಶ್ನಿಸುವುದು ಸಭ್ಯತೆಯಲ್ಲ ಎಂದುಕೊಂಡು ಬಾಯಿ ಮುಚ್ಚಿ ಕುಳಿತಿದ್ದೆವು. ಈ ಲೇಖನದ ಮೊದಲ ಆರೋಪಿಗಳು ನಾವೇ.

ಮುಂದಿನದನ್ನು ಕುಟುಂಬದವರ ಒಪ್ಪಿಗೆಯಿಂದ, ಗುರುತು ಸಿಗದಂತೆ ಹೇಳುತ್ತಿದ್ದೇವೆ. ನಮ್ಮ ಸದಸ್ಯರೊಬ್ಬರ ತಾಯಿ ಮೊಮ್ಮಗುವನ್ನು ನೋಡಿಕೊಳ್ಳಲೆಂದು ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಹಲವು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರು. ಆ ಉಪನ್ಯಾಸವನ್ನು ಕೇಳಿದ ಮೇಲೆ, ಮಗನಿಗೂ ಸೊಸೆಗೂ ತಿಳಿಸದೆ, ಚುಚ್ಚುಮದ್ದನ್ನು ನಿಲ್ಲಿಸಿ ಮುಂಜಾನೆ ದೂರವಾಣಿಯ ಮುಂದೆ ಕಣ್ಣು ಮುಚ್ಚಿ ಕೂರತೊಡಗಿದರು. ಮೂರನೆಯ ವಾರ ನಮ್ಮ ಶಿಬಿರಕ್ಕೆ ಅವರನ್ನು ಕರೆತಂದಾಗ ನಾಲಗೆ ಒಣಗಿತ್ತು, ಮಾತು ತೊದಲುತ್ತಿತ್ತು, ಗ್ಲುಕೋಮೀಟರ್ 400ನ್ನು ದಾಟಿತ್ತು. ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ದೇಹ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದರೊಡನೆ ನೀರೂ ಲವಣಗಳೂ ಹರಿದುಹೋಗಿ ಮೆದುಳು ಮಂಕಾಗುತ್ತದೆ. ವಯಸ್ಸಾದವರಲ್ಲಿ ಇದು ಪ್ರಾಣಾಂತಿಕ. ನಾಲ್ಕು ದಿನ ತೀವ್ರ ನಿಗಾ ಘಟಕದಲ್ಲಿದ್ದು ಬದುಕಿದರು. ಪ್ರವಾಸಿ ವಿಮೆಯವರು ಹಳೆಯ ಕಾಯಿಲೆಯೆಂದು ಕೈಯೆತ್ತಿದರು. ಆಸ್ಪತ್ರೆಯ ಬಿಲ್ಲನ್ನು ಆ ಕುಟುಂಬ ಇಂದಿಗೂ ಕಂತಿನಲ್ಲಿ ಕಟ್ಟುತ್ತಿದೆ.

ಪ್ರಜ್ಞೆ ತಿಳಿಯಾದ ಮೇಲೆ ಆ ತಾಯಿ ನಮ್ಮನ್ನು ಕೇಳಿದ ಮಾತು ಒಂದೇ: "ನನ್ನ ಶ್ರದ್ಧೆಯೇ ಸಾಲದಾಯ್ತೇನೋ ಅಲ್ವಾ ಡಾಕ್ಟ್ರೇ?"

ಇದೇ ನಮ್ಮ ಕೋಪದ ಮೂಲ. ಪರದೆಯ ಮೇಲಿನ ಬೆಂಕಿ ಗುರಿ ತಪ್ಪಿದರೆ ತಪ್ಪು ಆಡಿದವನದು. ವೇದಿಕೆಯ ಮೇಲಿನ ಬೆಂಕಿ ಗುರಿ ತಪ್ಪಿದರೆ ತಪ್ಪು ರೋಗಿಯದು! ಗುಣವಾದರೆ ಗುರುಗಳ ಮಹಿಮೆ, ಆಗದಿದ್ದರೆ ಭಕ್ತರ ಕೊರತೆ. ಸೋಲೇ ಇಲ್ಲದಂತೆ ಕಟ್ಟಿದ ಆಟವನ್ನು ಮಕ್ಕಳೂ ಮೋಸವೆಂದು ಕರೆಯುತ್ತಾರೆ.

ವೈದ್ಯಶಾಸ್ತ್ರ ಹೇಗೆ ನಡೆಯುತ್ತದೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1922ರ ಜನವರಿ 11ರಂದು ಟೊರೊಂಟೊದಲ್ಲಿ ಮಧುಮೇಹದಿಂದ ಸಾಯುತ್ತಿದ್ದ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಿದರು. ಅದು ಅಶುದ್ಧವಾಗಿತ್ತು, ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಹುಡುಗನ ಶ್ರದ್ಧೆ ಸಾಲದೆಂದು ಯಾರೂ ಅನ್ನಲಿಲ್ಲ. ದ್ರಾವಣವನ್ನು ಶುದ್ಧೀಕರಿಸಿದರು, ಜನವರಿ 23ರಂದು ಮತ್ತೆ ಕೊಟ್ಟರು, ಸಕ್ಕರೆ ಇಳಿಯಿತು. ಸೋಲನ್ನು ಒಪ್ಪಿಕೊಳ್ಳಲು ಆ ಹನ್ನೆರಡು ದಿನಗಳಲ್ಲಿ ಅವರಿಗೆ ಸಾಧ್ಯವಾದ್ದರಿಂದಲೇ ಇಂದು ಕೋಟ್ಯಂತರ ಜನ ಬದುಕಿದ್ದಾರೆ.

ಯೋಗಿಗಳ ಶಕ್ತಿಯನ್ನೂ ವಿಜ್ಞಾನ ಇದೇ ಗೌರವದಿಂದ ಪರೀಕ್ಷಿಸಿದೆ. ಹೃದಯವನ್ನು ನಿಲ್ಲಿಸುತ್ತೇವೆಂದ ಯೋಗಿಗಳನ್ನು ಅಮೆರಿಕದ ಇಬ್ಬರು ಸಂಶೋಧಕರೂ ದೆಹಲಿಯ ಬಿ.ಕೆ. ಆನಂದ್ ಅವರೂ ಭಾರತದಲ್ಲಿಯೇ ಪರೀಕ್ಷಿಸಿ, 1961ರಲ್ಲಿ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಉಸಿರು ಬಿಗಿಹಿಡಿದು ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ನಾಡಿ ಬೆರಳಿಗೆ ಸಿಗುವುದಿಲ್ಲ, ಎದೆಬಡಿತ ಸ್ಟೆತಾಸ್ಕೋಪಿಗೆ ಕೇಳುವುದಿಲ್ಲ. ಆದರೆ ಇಸಿಜಿಯ ಗೆರೆ ಹೃದಯ ಮಿಡಿಯುತ್ತಲೇ ಇರುವುದನ್ನು ತೋರಿಸಿತು. ದೇಹದ ಮೇಲೆ ಅಷ್ಟು ಹಿಡಿತ ಸಾಧಿಸುವುದು ಸಣ್ಣ ಮಾತಲ್ಲ. ಅದು ಪವಾಡವಂತೂ ಅಲ್ಲ.

ಹಾಗಾದರೆ ಪವಾಡವನ್ನು ನಿರಾಕರಿಸುವುದು ನಮ್ಮ ಪರಂಪರೆಗೆ ದ್ರೋಹವೆ? ಪತ್ರ ಬರೆದವರು ಪತಂಜಲಿಯ ಹೆಸರನ್ನು ಎತ್ತಿದ್ದಾರೆ. ಯೋಗಸೂತ್ರದ ಮೂರನೆಯ ಪಾದವನ್ನು ಅವರು ದಯಮಾಡಿ ಮತ್ತೊಮ್ಮೆ ತೆರೆಯಲಿ. ಪರರ ಚಿತ್ತವನ್ನು ಅರಿಯುವುದು, ಅದೃಶ್ಯನಾಗುವುದು, ಆಕಾಶಗಮನ, ಸಮಾನವಾಯುವನ್ನು ಗೆದ್ದವನ ಮೈ ಜ್ವಲಿಸುವುದು, ಎಲ್ಲವೂ ಅಲ್ಲಿವೆ. ಧಾಲ್ಸಿಮ್‌ನ ಪಟ್ಟುಗಳ ಪಟ್ಟಿ ಅದಕ್ಕಿಂತ ಚಿಕ್ಕದು. ಆದರೆ ಅದೇ ಪಾದ ಈ ಸಿದ್ಧಿಗಳನ್ನು ಸಮಾಧಿಗೆ ಅಡ್ಡಿಗಳೆಂದೂ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಬಿಟ್ಟು ಪಟ್ಟಿಯನ್ನು ಮಾತ್ರ ಮಾರುವವರೇ ಶಾಸ್ತ್ರಕ್ಕೆ ಅಪಮಾನ ಮಾಡುವವರು.

ಕನ್ನಡಿಗರಿಗಂತೂ ಈ ಪಾಠ ಹೊಸದಲ್ಲ. ಅಲ್ಲಮಪ್ರಭು ಮತ್ತು ಗೋರಕ್ಷನ ಪ್ರಸಂಗ ನಮ್ಮಲ್ಲಿ ಯಾರಿಗೆ ತಿಳಿಯದು? ಸಾಧನೆಯಿಂದ ದೇಹವನ್ನು ವಜ್ರವಾಗಿಸಿಕೊಂಡೆನೆಂದು ಗೋರಕ್ಷ ಬೀಗಿದ. ಖಡ್ಗದಿಂದ ಹೊಡೆದರೆ ಖಣಿಲೆಂದಿತು, ಗಾಯವಾಗಲಿಲ್ಲ. ಅದೇ ಖಡ್ಗವನ್ನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಲ್ಲಿ ಆಡಿದಂತೆ ಆಡಿತು. ನಾಚಿದವನು ಗೋರಕ್ಷ. ಮೈಯ ಗಟ್ಟಿತನದ ಪ್ರದರ್ಶನ ಯೋಗವಲ್ಲವೆಂದು ನಮ್ಮ ನುಡಿಯಲ್ಲಿ ಶತಮಾನಗಳ ಹಿಂದೆಯೇ ತೀರ್ಮಾನವಾಗಿದೆ.

ಇಂದು ಈ ದೇಶದ ಬೀದಿಬೀದಿಗಳಲ್ಲಿ ಕಲಿಸುವ ಆಸನಗಳಿಗೆ ನಮ್ಮ ಮೈಸೂರೇ ಒಂದು ದೊಡ್ಡ ತವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1930ರ ದಶಕದಲ್ಲಿ, ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಟಿ. ಕೃಷ್ಣಮಾಚಾರ್ಯರು ಜನರನ್ನು ಸೆಳೆಯಲು ನಾಡಿ ನಿಲ್ಲಿಸುವಂಥ ಪ್ರದರ್ಶನಗಳನ್ನೂ ನೀಡಿದ್ದುಂಟು. ಆದರೆ ಅವರ ಶಿಷ್ಯರಾದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರೂ, ಹಾಸನ ಸೀಮೆಯ ಕೌಶಿಕದ ಪಟ್ಟಾಭಿ ಜೋಯಿಸರೂ ಜಗತ್ತಿಗೆ ಕೊಂಡೊಯ್ದದ್ದು ಆ ಚಮತ್ಕಾರಗಳನ್ನಲ್ಲ, ದಿನದಿನದ ಅಭ್ಯಾಸವನ್ನು. ಹಳೆಯ ಸೊಂಟನೋವಿಗೆ ಯೋಗವನ್ನೂ ಒಂದು ಚಿಕಿತ್ಸೆಯಾಗಿ ಪರಿಗಣಿಸಬಹುದೆಂದು ಅಮೆರಿಕದ ವೈದ್ಯರ ಕಾಲೇಜು 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ನಾವೂ ನಮ್ಮ ರೋಗಿಗಳಿಗೆ ಯೋಗವನ್ನು ಹೇಳುತ್ತೇವೆ: ಔಷಧದ ಜೊತೆಗೆ, ಔಷಧದ ಬದಲಿಗೆ ಅಲ್ಲ.

ಆದುದರಿಂದ ಸಮಿತಿಯ ಮುಂದೆ ನಮ್ಮ ಬೇಡಿಕೆಗಳು ಇವು. ಪಂದ್ಯಾವಳಿ ನಡೆಯಲಿ, ಧಾಲ್ಸಿಮ್ ಸಹಿತವಾಗಿ. ಫೈನಲ್ ಪಂದ್ಯಕ್ಕೆ ಮುನ್ನ ಹತ್ತು ನಿಮಿಷ ಮಕ್ಕಳಿಗೆ ಅಲ್ಲಮ–ಗೋರಕ್ಷರ ಕಥೆಯನ್ನು ಹೇಳುವ ಅವಕಾಶವನ್ನು ಪತ್ರ ಬರೆದ ಹಿರಿಯರಿಗೇ ಕೊಡಲಿ. ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ. ರೋಗ ವಾಸಿಮಾಡುತ್ತೇನೆಂದು ಹೇಳುವ ಯಾರನ್ನೇ ಆಗಲಿ ವೇದಿಕೆಗೆ ಕರೆಯುವ ಮೊದಲು ಆರೋಗ್ಯ ಸ್ವಯಂಸೇವಕರ ಅಭಿಪ್ರಾಯ ಕೇಳಲಿ, ಉಪನ್ಯಾಸದ ಕೊನೆಗೆ ಪ್ರಶ್ನೋತ್ತರ ಕಡ್ಡಾಯವಾಗಲಿ. ಆ ದಿನ ನಾವು ಸುಮ್ಮನಿರುವುದಿಲ್ಲವೆಂದು ಈಗಲೇ ತಿಳಿಸುತ್ತಿದ್ದೇವೆ. ಊಟ ತಡವಾದರೆ ಕ್ಷಮೆಯಿರಲಿ.

ಕೊನೆಯದಾಗಿ, ಊರಿನಿಂದ ಬಂದಿರುವ ಎಲ್ಲ ತಂದೆತಾಯಿಯರಲ್ಲಿ ಒಂದು ವಿನಂತಿ. ಯಾರ ಮಾತು ಕೇಳಿಯೇ ಆಗಲಿ ಇನ್ಸುಲಿನ್, ರಕ್ತದೊತ್ತಡದ ಮಾತ್ರೆ, ಥೈರಾಯ್ಡ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದ್ದರೆ ನಾಚಿಕೆಪಟ್ಟುಕೊಳ್ಳದೆ ಮಕ್ಕಳಿಗೆ ಹೇಳಿ, ಇಲ್ಲವೇ ಶಿಬಿರಕ್ಕೆ ಬಂದು ನಮಗೆ ಹೇಳಿ. ನಾವು ಬೈಯುವುದಿಲ್ಲ. ನಿಮ್ಮ ಶ್ರದ್ಧೆ ಎಂದೂ ಕಡಿಮೆಯಾಗಿರಲಿಲ್ಲ.

ಇತಿ,
ಸಂಘದ ಆರೋಗ್ಯ ಸ್ವಯಂಸೇವಕರ ಪರವಾಗಿ, ಒಬ್ಬ ವೈದ್ಯ (ಎಂ.ಬಿ.ಬಿ.ಎಸ್.)